ನಾಲ್ಕು ಮೂಲೆಯ ರೊಟ್ಟಿ

ಸೋಲಾಪುರದ ಗಿರಾಕಿಯೊಬ್ಬರು ಫೋನು ಮಾಡಿ, ತಾವು ಕೇಳಿದ್ದು ಖಡಕ್ ರೊಟ್ಟಿ, ಬಸ್ಸಿನಿಂದ ಇಳಿದದ್ದು ರೊಟ್ಟಿಯೋ ಹಿಟ್ಟೋ ತಿಳಿಯುತ್ತಿಲ್ಲ, ದಯವಿಟ್ಟು ತಿಳಿಸಬೇಕು ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಫೋನು ಕೆಳಗಿಟ್ಟ ಸಿದ್ದಲಿಂಗೇಶ ಸ್ವಲ್ಪ ಹೊತ್ತು ರಟ್ಟಿನ ಡಬ್ಬಿಯನ್ನು ನೋಡಿದ. ಆಮೇಲೆ ರೊಟ್ಟಿಯನ್ನು ನೋಡಿದ. ಡಬ್ಬಿ ಚೌಕ, ರೊಟ್ಟಿ ಗುಂಡು. ಮೂಲೆಗಳಲ್ಲಿ ಖಾಲಿ ಜಾಗ. ಆ ಜಾಗದಲ್ಲಿ ರೊಟ್ಟಿಗಳು ಓಡಾಡಿ, ಗುದ್ದಾಡಿ, ಸೋಲಾಪುರ ಮುಟ್ಟುವ ಹೊತ್ತಿಗೆ ಪುಡಿಯಾಗುತ್ತಿದ್ದವು. ಬೇರೆ ಯಾರಾದರೂ ಆಗಿದ್ದರೆ ಆ ಮೂಲೆಗಳಿಗೆ ಒಂದಿಷ್ಟು ಹಳೆಯ ಪೇಪರು ತುರುಕಿ ಕೆಲಸ ಮುಗಿಸುತ್ತಿದ್ದರು. ಸಿದ್ದಲಿಂಗೇಶ ಅಂಥ ಸಣ್ಣ ಉಪಾಯಗಳಿಗೆ ಹೋಗುವ ಮನುಷ್ಯನಲ್ಲ. ತಪ್ಪು ಡಬ್ಬಿಯದಲ್ಲ, ರೊಟ್ಟಿಯದು ಎಂದು ತೀರ್ಮಾನಿಸಿದ.

ವಿಜಯಪುರದಲ್ಲಿ ಕಾಶಿಬಾಯಿಯ ರೊಟ್ಟಿ ಎಂದರೆ ವಿಳಾಸ ಬೇಕಾಗಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ, ಹಿಂದಿನ ಪಡಸಾಲೆಯೇ ಕಾರ್ಖಾನೆ. ಅಲ್ಲಿ ಮಾಸುಮಬಿಯೂ ಇನ್ನಿಬ್ಬರು ಹೆಂಗಸರೂ ಬೆಳಗಿನಿಂದ ಜೋಳದ ರೊಟ್ಟಿ ಬಡಿಯುತ್ತಾರೆ. ಆ ಸದ್ದು ನಿಂತರೆ ಓಣಿಯ ಮಂದಿ ಇವತ್ತು ಯಾವ ಹಬ್ಬ ಎಂದು ಕ್ಯಾಲೆಂಡರ್ ನೋಡುತ್ತಾರೆ. ಮಗ ಸಿದ್ದಲಿಂಗೇಶನ ಕೆಲಸ ರೊಟ್ಟಿಗಳನ್ನು ಡಬ್ಬಿಗೆ ತುಂಬಿ, ದಾರ ಸುತ್ತಿ, ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡಿಗೆ ಮುಟ್ಟಿಸುವುದು. ಎಂ.ಕಾಂ. ಓದಿದವನಿಗೆ ಇದು ಸಣ್ಣ ಕೆಲಸ ಎಂದು ಅವನಿಗೇ ಆಗಾಗ ಅನ್ನಿಸುತ್ತಿತ್ತು. ಬೇರೆ ಯಾರಿಗೂ ಅನ್ನಿಸಿರಲಿಲ್ಲ.

ಅವನು ಅಂದೇ ಸಂಜೆ ತಗಡಿನ ಪೆಟ್ಟಿಗೆ ಮಾಡುವ ಮಶಾಕಸಾಬನ ಹತ್ತಿರ ಹೋಗಿ ಒಂದು ಚೌಕ ಅಚ್ಚು ಮಾಡಿಸಿದ. ಬಡಿದ ರೊಟ್ಟಿಯ ಮೇಲೆ ಒತ್ತಿದರೆ ಸುತ್ತಲಿನದು ಕತ್ತರಿಸಿ ಹೋಗಿ ನಾಲ್ಕು ಮೂಲೆಯದು ಉಳಿಯಬೇಕು. ನಡುವೆ ತನ್ನ ಹೆಸರಿನ ಮೊದಲ ಅಕ್ಷರ ‘ಸಿ’ ಮೂಡಬೇಕು. ಬರ್ಫಿಗೇನು ಎಂದು ಮಶಾಕಸಾಬ ಕೇಳಿದ್ದಕ್ಕೆ, ಇತಿಹಾಸಕ್ಕೆ ಎಂದು ಹೇಳಬೇಕೆಂದಿದ್ದವನು ರೊಟ್ಟಿಗೆ ಎಂದ. ಮಶಾಕಸಾಬ ಮತ್ತೇನೂ ಕೇಳದೆ ಅಚ್ಚು ಮಾಡಿಕೊಟ್ಟ.

ಪಡಸಾಲೆಯಲ್ಲಿ ಮಾಸುಮಬಿ ಅಚ್ಚನ್ನು ಹಿಂದೆಮುಂದೆ ತಿರುಗಿಸಿ ನೋಡಿದಳು.

“ಬಡದ ಕೊಡ್ತೇನ್ರಿ, ಕೊಯ್ಯೂದು ನಿಮ್ಮ ಕೆಲಸ. ನನ್ನ ಕೈಗೆ ಮೂಲಿ ಬರೂದಿಲ್ಲ,” ಎಂದಳು.

ಸಿದ್ದಲಿಂಗೇಶ ತಾನೇ ಕೊಯ್ದ. ಗುಂಡನೆಯ ಹಂಚಿನ ಮೇಲೆ ಚೌಕ ರೊಟ್ಟಿ ಬಿದ್ದಾಗ ಅದರ ನಾಲ್ಕು ಮೂಲೆಗಳು ಹಂಚಿನ ಅಂಚಿಗೆ ಚಾಚಿಕೊಂಡು, ತೆಳ್ಳಗಾಗಿ ಕೆಂಪೇರಿದವು. ಕಾಶಿಬಾಯಿ ಬಂದು ಆ ರೊಟ್ಟಿಯನ್ನು ಕೈಯಲ್ಲಿ ಹಿಡಿದು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕಣ್ಣಾಡಿಸಿ, ಮನೆಗೆ ಬಂದ ಬೇಡದ ಬೀಗರನ್ನು ಕೂರಿಸುವಂತೆ ಒಂದು ಕಡೆ ಇಟ್ಟಳು. ಆಮೇಲೆ ಮಗನನ್ನು ಕರೆದು ಅಂಗಡಿಯ ವಿಷಯ ತೆಗೆದಳು. ತನಗೆ ಮೊಳಕಾಲು ನೋವು, ಇನ್ನು ದುಡ್ಡಿನ ಗಲ್ಲೆಯ ಹಿಂದೆ ಕೂರುವುದು ಆಗದು, ಯಾರಿಗಾದರೂ ವಹಿಸಬೇಕು ಎಂದಳು. ತಿಕೋಟಾದಲ್ಲಿ ಗಂಡನ ಮನೆಯಲ್ಲಿರುವ ಮಗಳು ವಿಜಯಲಕ್ಷ್ಮೀ ಅಂಗಡಿ ನಡೆಸಲು ಎಂದಿನಿಂದಲೂ ತಯಾರಾಗಿ ಕೂತಿದ್ದಳು.

“ನೋಡಪಾ, ಹೊಸಾದು ಬಂದ್ರ ಮಂದಿ ಮೊದಲನೇ ಸಲ ನೋಡಾಕ ಒಯ್ತಾರ. ಎರಡನೇ ಸಲ ತಿನ್ನಾಕ ಒಯ್ತಾರ. ಶ್ರಾವಣ ಮುಗಿಯೂದ್ರಾಗ ಒಬ್ಬರಾದ್ರೂ ನಿನ್ನ ರೊಟ್ಟಿ ಎರಡನೇ ಸಲ ಬೇಕಂತ ಬಂದ್ರ ಅಂಗಡಿ ನಿಂದು. ಇಲ್ಲಂದ್ರ ನಿಮ್ಮಕ್ಕಂದು,” ಎಂದಳು ಕಾಶಿಬಾಯಿ.

ಅಕ್ಕನ ಕೈಕೆಳಗೆ ಡಬ್ಬಿ ಕಟ್ಟುವುದೆಂದರೆ ಏನೆಂದು ಸಿದ್ದಲಿಂಗೇಶನಿಗೆ ಗೊತ್ತಿತ್ತು. ಸಣ್ಣಂದಿನಲ್ಲಿ ಅವನನ್ನು ಓಣಿಯ ನಡುವೆ ನಿಲ್ಲಿಸಿ ಅಂಗಿಯ ಗುಂಡಿ ಹಾಕುತ್ತಿದ್ದವಳು ವಿಜಯಲಕ್ಷ್ಮೀ. ಈಗಲೂ ಅವನು ಎದುರಿಗೆ ಬಂದರೆ ಅವಳ ಕೈ ಅವನ ಕಾಲರಿನ ಕಡೆಗೆ ಹೋಗುತ್ತಿತ್ತು. ಒಬ್ಬರು ತಾನೆ, ಊರೇ ಬಂದೀತು ಎಂದು ಅವನು ಒಪ್ಪಿಕೊಂಡ.

ಮರುದಿನ ಅಂಗಡಿಯ ಮುಂದೆ ಬ್ಯಾನರು ಏರಿತು. ‘ಜಗತ್ತಿನಲ್ಲಿಯೇ ಪ್ರಪ್ರಥಮ. ಚೌಕ ರೊಟ್ಟಿ.’ ಊರು ನಿಜಕ್ಕೂ ಬಂತು. ಬಂದವರು ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು, ಕೆನ್ನೆಯ ಪಕ್ಕ ಇಟ್ಟುಕೊಂಡು ಫೋಟೋ ತೆಗೆಸಿಕೊಂಡರು, ಒಂದೊಂದು ಕೊಂಡು ಹೋದರು. ಹೋದವರು ಹೋದರು. ಮಾರನೆಯ ವಾರ ಅದೇ ಮುಖಗಳು ಬಂದು, ಬ್ಯಾನರಿಗೆ ಬೆನ್ನು ತಿರುಗಿಸಿ ನಿಂತು, ಗುಂಡನೆಯ ರೊಟ್ಟಿ ಕಟ್ಟಿಸಿಕೊಂಡು ಹೋದವು.

ಕಾರಣವಿರಬೇಕಲ್ಲ ಎಂದು ಸಿದ್ದಲಿಂಗೇಶ ಪಕ್ಕದ ಮನೆಯ ಗುರುರಾಜರನ್ನು ಕೇಳಿದ. ಗುರುರಾಜರು ಬ್ಯಾಂಕಿನಿಂದ ನಿವೃತ್ತರಾದವರು. ಯಾವುದಕ್ಕೂ ಇಲ್ಲ ಎಂದು ನೇರವಾಗಿ ಹೇಳಿದವರಲ್ಲ. ಸಾಲ ಕೇಳಲು ಬಂದವರಿಗೂ ಚಹಾ ಕುಡಿಸಿ ಕಳಿಸಿದವರು. ಗುಂಡನೆಯ ರೊಟ್ಟಿಯಾದರೆ ಎಲ್ಲಿಂದ ಬೇಕಾದರೂ ಮುರಿಯಬಹುದು, ಇದನ್ನು ಎಲ್ಲಿಂದ ಶುರು ಮಾಡಬೇಕು ಎಂಬುದರಲ್ಲಿ ಮನೆಯವರಲ್ಲಿ ಸ್ವಲ್ಪ ಭಿನ್ನಾಭಿಪ್ರಾಯ ಬಂದಿದೆ, ತಿಳಿದವರನ್ನು ಕೇಳಿದ್ದೇವೆ ಎಂದರು.

ತಿಳಿದವರು ಎಂದರೆ ಬಸಲಿಂಗಯ್ಯನವರು. ಅವರು ಓಣಿಯಲ್ಲಿ ಯಾರ ಮನೆಯ ಬಾಗಿಲು ಎತ್ತ ಇರಬೇಕು, ಯಾರ ಬಚ್ಚಲು ಎತ್ತ ಹರಿಯಬೇಕು ಎಂದು ಹೇಳಿಕೊಂಡು ಬಂದವರು. ಅವರ ಅಭಿಪ್ರಾಯ ಸ್ಪಷ್ಟವಾಗಿತ್ತು. ಗುಂಡನೆಯದಕ್ಕೆ ದಿಕ್ಕಿಲ್ಲ. ಯಾವಾಗ ನಾಲ್ಕು ಮೂಲೆ ಬಂದವೋ ಆಗ ದಿಕ್ಕು ಬಂತು, ದಿಕ್ಕು ಬಂತೆಂದರೆ ವಾಸ್ತು ಬಂತು.

“ಆಗ್ನೇಯ ಮೂಲಿ ಮೊದಲ ಮುರದ್ರ ಹೊಟ್ಟ್ಯಾಗ ಉರಿ ಏಳತೈತಿ. ಈಶಾನ್ಯದಿಂದ ಚಾಲೂ ಮಾಡ್ರಿ. ಅದೂ ತಾಟು ಸರೀ ಇಟ್ಟಿದ್ರ,” ಎಂದರು ಬಸಲಿಂಗಯ್ಯನವರು.

ಅಂದಿನಿಂದ ಗುರುರಾಜರು ಊಟಕ್ಕೆ ಕೂರುವ ಮುಂಚೆ ಮೊಬೈಲಿನಲ್ಲಿ ದಿಕ್ಸೂಚಿ ತೆರೆದು ತಾಟಿನ ಪಕ್ಕ ಇಡತೊಡಗಿದರು. ಈಶಾನ್ಯ ಸಿಗುವ ಹೊತ್ತಿಗೆ ಪಲ್ಯ ತಣ್ಣಗಾಗುತ್ತಿತ್ತು. ಅವರ ಮನೆಯಾಕೆ ಮೂರನೆಯ ದಿನ ಗುಂಡನೆಯ ರೊಟ್ಟಿ ಹಾಕಿ, ಇದಕ್ಕೆ ದಿಕ್ಕಿಲ್ಲ, ತಿನ್ನಿರಿ ಎಂದರು.

ಹೀಗಿರುವಾಗ ರೊಟ್ಟಿ ಪಂಚಮಿ ಬಂತು. ನಾಗಪ್ಪನಿಗೆ ಹಾಲೆರೆಯುವ ಮುನ್ನಾದಿನ ಈ ಕಡೆಯ ಮನೆಮನೆಯಲ್ಲೂ ರೊಟ್ಟಿ ಮಾಡಿ, ಮೇಲೆ ಪಲ್ಯ, ಚಟ್ನಿಯಂಥ ಹಿಂಡಿ ಇಟ್ಟು, ಅಕ್ಕಪಕ್ಕದವರಿಗೂ ಬೀಗರಿಗೂ ಬೀರುತ್ತಾರೆ. ತಾಟು ಬರಿದಾಗಿ ಹಿಂದಿರುಗಬಾರದು. ಕೊಟ್ಟವರಿಗೆ ಅದೇ ತಾಟಿನಲ್ಲಿ ತಮ್ಮ ಮನೆಯ ರೊಟ್ಟಿ ಇಟ್ಟು ಕಳಿಸಬೇಕು. ಸಿದ್ದಲಿಂಗೇಶನಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಕಾಣಲಿಲ್ಲ. ಮಾರಾಟವಾಗದೆ ಉಳಿದ ಚೌಕ ರೊಟ್ಟಿಗಳನ್ನೆಲ್ಲ ತಾಟುಗಳಲ್ಲಿ ಜೋಡಿಸಿ, ಗಂಡಸರು ಬೀರಲು ಹೋಗುವ ಪದ್ಧತಿ ಇಲ್ಲವೆಂದು ಹೆಂಡತಿ ವಿದ್ಯಾವತಿ ಹೇಳಿದರೂ ಕೇಳದೆ, ತಾನೇ ಓಣಿಯ ತುಂಬ ಕೊಟ್ಟು ಬಂದ. ಗುರುರಾಜರ ಮನೆಗೆ ಎಲ್ಲಕ್ಕಿಂತ ಹೆಚ್ಚು ಕೊಟ್ಟ.

ಆಮೇಲೆ ಯಾರಾದರೂ ಎರಡನೇ ಸಲ ಕೇಳಲು ಬಂದಾರೆಂದು ಕಾದ. ಯಾರೂ ಬರಲಿಲ್ಲ.

ಆದರೆ ಒಂದು ದಿನ ಅರಕೇರಿಯ ಮನೆಯೊಂದಕ್ಕೆ ರೊಟ್ಟಿ ಕೊಡಲು ಹೋದವನು ಬಾಗಿಲಲ್ಲೇ ನಿಂತುಬಿಟ್ಟ. ಆ ಮನೆಯ ಬುಟ್ಟಿಯಲ್ಲಿ ಚೌಕ ರೊಟ್ಟಿಗಳು ಕೂತಿದ್ದವು. ಅರಕೇರಿಗೆ ತಾನು ಚೌಕ ರೊಟ್ಟಿ ಕೊಟ್ಟೇ ಇರಲಿಲ್ಲ. ನಡುವೆ ‘ಸಿ’ ಅಕ್ಷರ ಕೂಡ ಇತ್ತು. ಎಂ.ಕಾಂ. ಓದಿದ್ದ ಸಿದ್ದಲಿಂಗೇಶನಿಗೆ ತಕ್ಷಣ ಎಲ್ಲ ತಿಳಿದುಹೋಯಿತು. ಒಳ್ಳೆಯ ಮಾಲು ಬಂದರೆ ಅದರ ಹಿಂದೆ ನಕಲು ಬರುತ್ತದೆ. ಯಾರೋ ತನ್ನ ರೊಟ್ಟಿಯನ್ನು ನಕಲು ಮಾಡುತ್ತಿದ್ದಾರೆ, ಕಳ್ಳರು ಅಕ್ಷರವನ್ನೂ ಬಿಟ್ಟಿಲ್ಲ.

ಅವನಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಕದಿಯುವಷ್ಟು ಬೆಲೆ ಬಂತಲ್ಲ. ಎಲ್ಲಿಂದ ಬಂದವು ಎಂದು ಕೇಳಿದಾಗ ಮನೆಯ ಹೆಣ್ಣುಮಗಳು ತಡವರಿಸಿ, ತಿಕೋಟಾದ ಬೀಗರು ಕಳಿಸಿದರು ಎಂದಳು. ಸಾಕ್ಷಿಗೆಂದು ಒಂದು ರೊಟ್ಟಿ ಕೇಳಿದ. ಅವಳು ಒಂದಲ್ಲ, ಬೇಡಬೇಡವೆಂದರೂ ಐದಾರು ಹಾಕಿ ಕೊಟ್ಟಳು.

ಅವನು ನೇರವಾಗಿ ಊರಿಗೆ ಬಂದು, ಇಂಥ ಕಳವುಗಳನ್ನು ನೋಡಿಕೊಳ್ಳುತ್ತಾರೆಂದು ಯಾರೋ ಹೇಳಿದ್ದ ಒಂದು ಕಚೇರಿಗೆ ಹೋದ. ಅಲ್ಲಿಯ ಸಾಹೇಬರು ಊಟ ಮುಗಿಸಿ ಸಮಾಧಾನದಲ್ಲಿದ್ದರು.

“ಏನ್ ಕಳುವಾಗೇತ್ರಿ?”

“ಆಕಾರ ರೀ ಸರ್.”

“ಯಾರ ಮ್ಯಾಲ ಸಂಶಯ ಐತಿ?”

“ತಿಕೋಟಾ ತಾಲೂಕಿನ ಮ್ಯಾಲ ರೀ.”

ಸಾಹೇಬರು ಮೇಜಿನ ಮೇಲಿದ್ದ ರೊಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿದರು. ಟಣ್ ಎಂದಿತು. ಒಂದು ತಾಲೂಕನ್ನು ಕರೆಸಿ ವಿಚಾರಿಸಲು ತಮ್ಮ ಕಚೇರಿಯಲ್ಲಿ ಕುರ್ಚಿಗಳಿಲ್ಲ, ಮೊದಲು ಮಾಡಿದವನು ಯಾರೆಂದು ಹಿಡಿದು ತಂದರೆ ಮುಂದಿನದನ್ನು ಯೋಚಿಸೋಣ ಎಂದು ಹೇಳಿ ಕಳಿಸಿದರು. ಸಾಕ್ಷಿಯ ಒಂದು ಮೂಲೆ ಅವರ ಮೇಜಿನ ಮೇಲೆ ಮುರಿದು ಬಿದ್ದಿತ್ತು. ಸಿದ್ದಲಿಂಗೇಶ ಬಾಗಿಲು ದಾಟುವಾಗ ಹಿಂದಿನಿಂದ ಕಟಂ ಎಂದು ಸದ್ದು ಬಂತು. ಅವನು ತಿರುಗಿ ನೋಡಲಿಲ್ಲ. ಅವನ ಮನಸ್ಸೆಲ್ಲ ಕಳ್ಳನ ಮೇಲಿತ್ತು.

ಮರುದಿನ ಸ್ಕೂಟರು ತಿಕೋಟಾಕ್ಕೆ ಹೊರಟಿತು. ಅರಕೇರಿಯವಳು ಹೇಳಿದ ಬೀಗರ ಮನೆಯನ್ನು ಹುಡುಕುತ್ತ ಹೋದರೆ ಅದು ಅವನ ಸ್ವಂತ ಅಕ್ಕನ ಮನೆಯಾಗಿತ್ತು. ವಿಜಯಲಕ್ಷ್ಮೀ ದ್ರಾಕ್ಷಿ ಒಣಗಿಸುವ ಶೆಡ್ಡಿನ ಮುಂದೆ ಹೆಣ್ಣಾಳುಗಳಿಂದ ಒಣದ್ರಾಕ್ಷಿ ಆರಿಸುತ್ತಿದ್ದಳು. ತಮ್ಮನನ್ನು ಕಂಡು ಅವನ ಕಾಲರು ಸರಿಮಾಡಿದಳು. ಚೌಕ ರೊಟ್ಟಿಯ ಮಾತು ಬಂದೊಡನೆ ಅವಳ ಮುಖ ಸ್ವಲ್ಪ ಬಣ್ಣಗೆಟ್ಟಿತು. ತಾನು ಮಾಡಿದ್ದಲ್ಲ, ಕಳ್ಳಕವಟಗಿಯಿಂದ ನಾದಿನಿ ಕಳಿಸಿದ್ದು ಎಂದಳು. ಕಳ್ಳಕವಟಗಿಯ ನಾದಿನಿ, ತನಗೆ ಕಾಖಂಡಕಿಯ ನೆಂಟರು ಕೊಟ್ಟದ್ದು ಎಂದಳು. ಹೋದ ಮನೆಯಲ್ಲೆಲ್ಲ ಎರಡು ಮೂರು ಚೌಕ ರೊಟ್ಟಿ ಇನ್ನೂ ಉಳಿದಿದ್ದವು. ಹೋದ ಮನೆಯವರೆಲ್ಲ ಅವನ್ನು ಸಾಕ್ಷಿಗಾಗಿ ಬಹಳ ಧಾರಾಳವಾಗಿ ಕೊಟ್ಟುಬಿಟ್ಟರು. ತನಿಖೆಗೆ ಜನರ ಸಹಕಾರ ಇಷ್ಟು ಚೆನ್ನಾಗಿದೆಯೆಂದು ಸಿದ್ದಲಿಂಗೇಶನಿಗೆ ಹೆಮ್ಮೆಯಾಯಿತು.

ಬಬಲೇಶ್ವರ ದಾಟಿ ಕಾಖಂಡಕಿ ಮುಟ್ಟಿದಾಗ ದಾರಿ ಅವನಿಗೆ ಬಹಳ ಪರಿಚಯದ್ದು ಅನ್ನಿಸಿತು. ಅನ್ನಿಸದೆ ಏನು, ಕಳ್ಳಕವಟಗಿಯವರು ಹೇಳಿದ ಮನೆ ಅವನ ಹೆಂಡತಿಯ ತವರುಮನೆ. ಮಾವ ಅವನನ್ನು ಕಂಡು ಕುರ್ಚಿ ಹಾಕಿಸಿ, ಮಳೆಬೆಳೆ ವಿಚಾರಿಸಿ, ರೊಟ್ಟಿಯ ಮಾತು ಬಂದಾಗ ಎತ್ತಿಗೆ ಮೇವು ಹಾಕಬೇಕೆಂದು ಎದ್ದು ಹೋದರು. ಅವರ ಮನೆಯಲ್ಲಿ ಎತ್ತುಗಳಿಲ್ಲದೆ ಬಹಳ ವರ್ಷವಾಗಿತ್ತು. ಅತ್ತೆ ಸೆರಗು ಸರಿಮಾಡಿಕೊಂಡು ನಿಜ ಹೇಳಿದಳು.

“ವಿದ್ಯಾನ ಕಳಸಿದ್ಲು ನೋಡ್ರಿ ಅಳಿಯಂದ್ರ. ಪಂಚಮಿ ಮರುದಿನ, ಬಸ್ಸಿಗೆ ಹಾಕಿ.”

ಊರಿಗೆ ಹಿಂದಿರುಗುವ ದಾರಿಯಲ್ಲಿ ಸಿದ್ದಲಿಂಗೇಶ ಸ್ಕೂಟರನ್ನು ಎಷ್ಟು ನಿಧಾನ ಓಡಿಸಿದನೆಂದರೆ ಒಂದು ಎಮ್ಮೆ ಅವನನ್ನು ಹಿಂದೆ ಹಾಕಿತು. ಮನೆಯೊಳಗೇ ಕಳ್ಳತನ. ಹೆಂಡತಿ ತಾನು ಕಲಿಸುವ ಶಾಲೆಯಿಂದ ಬಂದು ಚಪ್ಪಲಿ ಬಿಡುವುದರೊಳಗೆ, ಸಂಗ್ರಹಿಸಿದ್ದ ಸಾಕ್ಷಿಗಳನ್ನೆಲ್ಲ ಪಡಸಾಲೆಯಲ್ಲಿ ಹರಡಿ, ಅಚ್ಚು ಎಲ್ಲಿ ಮಾಡಿಸಿದೆ ಎಂದು ಕೇಳಿದ.

ವಿದ್ಯಾವತಿ ಆ ರೊಟ್ಟಿಗಳನ್ನು ನೋಡಿದಳು. ಬಿಡುವಿಲ್ಲದ ಓಡಾಟದಲ್ಲಿ ಮೂಲೆಗಳೆಲ್ಲ ಉದುರಿಹೋಗಿದ್ದವು.

“ಅಯ್ಯ, ಇವೇನ್ ತಿರಗಿ ಬಂದಾವ? ಪಂಚಮಿ ದಿನ ನೀವು ಗುರುರಾಜರ ಮನಿಗೆ ಕೊಟ್ರಿ. ಅವರು ತಾಟು ಬರೇದು ಕಳಸಬಾರದಂತ ಅವನ್ನ ಹಾಕಿ ನಮಗ ಕಳಸಿದ್ರು. ಮನ್ಯಾಗ ಯಾರು ತಿಂತಾರಂತ ನಾ ಕಾಖಂಡಕಿಗೆ ಕಳಸಿದೆ. ಇನ್ನ ಯಾರಿಗೆ ಕಳಸ್ಲಿರಿ?”

ಪಡಸಾಲೆಯಲ್ಲಿ ಬಡಿಯುವ ಸದ್ದು ನಿಂತಿತು. ಮಾಸುಮಬಿ ನಗು ತಡೆಯಲು ಹಿಟ್ಟಿನ ಕೈಯನ್ನೇ ಬಾಯಿಗೆ ಹಿಡಿದಿದ್ದಳು. ಎಲ್ಲರಿಗೂ ತಿಳಿದುಹೋಯಿತು. ಜಿಲ್ಲೆಯ ತುಂಬ ಹರಡಿದ್ದ ಆ ನಕಲುಗಳೆಲ್ಲ ಸಿದ್ದಲಿಂಗೇಶನ ಅಸಲುಗಳೇ. ವಿಜಯಪುರದಿಂದ ಕಾಖಂಡಕಿ, ಅಲ್ಲಿಂದ ಕಳ್ಳಕವಟಗಿ, ತಿಕೋಟಾ, ಅರಕೇರಿ ಎಂದು ಅವು ಶ್ರಾವಣದ ತುಂಬ ತೀರ್ಥಯಾತ್ರೆ ಮಾಡಿದ್ದವು. ಪ್ರತಿ ಮನೆಯವರೂ ಒಂದು ದಿನ ಇಟ್ಟುಕೊಂಡು, ಇನ್ನೊಂದು ಮನೆಗೆ ಪ್ರೀತಿಯಿಂದ ಸಾಗಹಾಕಿದ್ದರು. ಕಡೆಗೆ ಅವನ್ನು ಸ್ವತಃ ಊರೂರು ತಿರುಗಿ, ಕೇಳಿ ಪಡೆದು, ಜೋಪಾನವಾಗಿ ಮನೆಗೆ ತಂದವನು ಸಿದ್ದಲಿಂಗೇಶ. ಅವನು ಅಂದು ಊಟ ಬೇಡವೆಂದ. ಆಮೇಲೆ ವಿದ್ಯಾವತಿ ತಾಟಿನಲ್ಲಿ ಗುಂಡನೆಯ ರೊಟ್ಟಿ ಹಾಕಿದಾಗ ಕೂತು ಉಂಡ.

ಶ್ರಾವಣದ ಕೊನೆಯ ಸೋಮವಾರ ಬಂತು. ವಿಜಯಲಕ್ಷ್ಮೀ ಬೆಳಗಿನ ಬಸ್ಸಿಗೇ ಬಂದಳು. ಗಲ್ಲೆಯ ಹಿಂದಿನ ಕುರ್ಚಿಯನ್ನು ತನ್ನ ಸೆರಗಿನಿಂದ ಒರೆಸಿದಳು, ಕೂರಲಿಲ್ಲ. ತೀರ್ಪು ಕೇಳಲು ಗುರುರಾಜರೂ ಬಸಲಿಂಗಯ್ಯನವರೂ ಬಂದು ಬೆಂಚಿನ ಮೇಲೆ ಕೂತಿದ್ದರು. ಇಬ್ಬರಿಗೂ ಬೇರೆ ಕೆಲಸವಿರಲಿಲ್ಲ, ಇದ್ದಿದ್ದರೂ ಬಿಟ್ಟು ಬರುತ್ತಿದ್ದರು.

ಕಾಶಿಬಾಯಿ ಮಗನನ್ನು ಕೇಳಿದಳು, ಯಾರಾದರೂ ಎರಡನೇ ಸಲ ಬಂದರೇ ಎಂದು. ಇಲ್ಲ ಎಂದ ಸಿದ್ದಲಿಂಗೇಶ. ಒಂದು ತಿಂಗಳಲ್ಲಿ ಅವನು ಆಡಿದ ಮಾತುಗಳಲ್ಲಿ ಅತ್ಯಂತ ಚಿಕ್ಕದು ಅದೇ. ಅವನು ಡಬ್ಬಿ ಕಟ್ಟುವ ದಾರದ ಉಂಡೆಯನ್ನು ಎತ್ತಿ ಅಕ್ಕನ ಮುಂದೆ ಇಟ್ಟ. ಇವತ್ತಿನಿಂದ ಎಷ್ಟು ಡಬ್ಬಿ ಕಟ್ಟಬೇಕೆಂದು ನೀನೇ ಹೇಳಬೇಕು ಎಂಬಂತೆ ನಿಂತ.

ಕಾಶಿಬಾಯಿಯ ಕಣ್ಣು ಅಷ್ಟರಲ್ಲಿ ಮಗಳ ಚೀಲದ ಮೇಲೆ ಬಿದ್ದಿತ್ತು. ಚೀಲದಿಂದ ದೊಡ್ಡದೊಂದು ಸ್ಟೀಲಿನ ಡಬ್ಬಿ ಇಣುಕುತ್ತಿತ್ತು. ಅವಳು ಅದನ್ನು ಎತ್ತಿ ಅಲ್ಲಾಡಿಸಿದಳು. ಸದ್ದಿಲ್ಲ.

“ತವರಮನಿಗೆ ಬರೀ ಡಬ್ಬಿ ತಗೊಂಡ ಬಂದೀಯಲ್ಲಬೇ. ಎಂದಾದ್ರೂ ಹಂಗ ಬಂದೀಯೇನು?”

ವಿಜಯಲಕ್ಷ್ಮೀ ಹಾಗೆ ಬಂದವಳಲ್ಲ. ಬಂದಾಗಲೆಲ್ಲ ಡಬ್ಬಿಯ ತುಂಬ ಒಣದ್ರಾಕ್ಷಿ ತರುತ್ತಿದ್ದಳು. ಅವಳು ಗೋಡೆ ನೋಡಿದಳು, ಬ್ಯಾನರು ನೋಡಿದಳು, ತಮ್ಮನನ್ನು ಬಿಟ್ಟು ಉಳಿದುದೆಲ್ಲ ನೋಡಿದಳು. ಕಡೆಗೆ ಬಾಯಿ ಬಿಟ್ಟಳು. ಅವಳ ಅತ್ತೆಯ ವಿಷಯ. ಸೊಸೆ ಮಾಡಿದ್ದರಲ್ಲಿ ಒಂದಕ್ಕೂ ಚೆಂದ ಎಂದವರಲ್ಲ ಅವರು. ರೊಟ್ಟಿಗಳನ್ನು ಅರಕೇರಿಗೆ ಸಾಗಿಸಿದ ಮೇಲೆ ಬುಟ್ಟಿಯ ತಳದಲ್ಲಿ ಉದುರಿದ್ದ ಮೂಲೆಗಳನ್ನು ಅವರು ಚಹಾದ ಜೊತೆಗೆ ಬಾಯಿಗೆ ಹಾಕಿಕೊಂಡರಂತೆ. ಆಮೇಲೆ ಶೇಂಗಾ ಹಿಂಡಿ ಹಚ್ಚಿಕೊಂಡರಂತೆ. ಶೆಡ್ಡಿನ ಹೆಣ್ಣಾಳುಗಳು ರುಚಿ ನೋಡಿದರಂತೆ. ಈಗ ಅತ್ತೆ ಬೆಳಗ್ಗೆ ಎದ್ದರೆ ಅದನ್ನೇ ಕೇಳುತ್ತಾರೆ.

“ಡಬ್ಬಿ ತುಂಬ ಆ ಕೆಂಪನ ಮೂಲಿ ತರಲಿಲ್ಲಂದ್ರ ಮನಿಗೆ ಬರಬ್ಯಾಡ ಅಂದಾರ,” ಎಂದಳು ವಿಜಯಲಕ್ಷ್ಮೀ, ನೆಲ ನೋಡುತ್ತ.

ಬೆಂಚಿನ ಮೇಲೆ ಗುರುರಾಜರು ಕೆಮ್ಮಿದರು. ಅವರ ಜೇಬಿನಿಂದ ಮಡಿಚಿದ ಪ್ಲಾಸ್ಟಿಕ್ ಚೀಲವೊಂದು ಹೊರಬಂತು. ಪಂಚಮಿಯ ತಾಟು ಹಿಂದಿರುಗಿಸುವಾಗ ಕೆಲವು ಚೂರುಗಳು ತಮ್ಮ ಮನೆಯಲ್ಲೂ ಉಳಿದಿದ್ದವು, ಅವನ್ನು ತಿಂದ ಮನೆಯವರು ಇನ್ನಷ್ಟು ಸಿಕ್ಕರೆ ತನ್ನಿ ಎಂದಿದ್ದಾರೆ, ಕೇಳಲು ಸಂಕೋಚವಾಗಿ ನಾಲ್ಕು ದಿನದಿಂದ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೇನೆ ಎಂದರು. ಬಸಲಿಂಗಯ್ಯನವರು ಏನೂ ಕೇಳಲಿಲ್ಲ. ಮುರಿದು ಬಿದ್ದ ಮೂಲೆಗೆ ದಿಕ್ಕಿನ ದೋಷವಿಲ್ಲ ಎಂದಷ್ಟೇ ಹೇಳಿ ಕೈ ಚಾಚಿದರು.

ವಿಜಯಲಕ್ಷ್ಮೀ ಅಷ್ಟು ಸುಲಭಕ್ಕೆ ಬಿಡುವವಳಲ್ಲ. ತಾನು ಕೇಳಿದ್ದು ಮೂಲೆ, ರೊಟ್ಟಿಯಲ್ಲ. ಕರಾರು ರೊಟ್ಟಿಯದು ಎಂದು ವಾದ ಹೂಡಿದಳು.

“ಮೂಲಿ ಏನ್ ಗಿಡದಾಗ ಹತ್ತತಾವೇನಬೇ?” ಎಂದಳು ಕಾಶಿಬಾಯಿ. “ಇಡೀ ರೊಟ್ಟೀನ ಹೊಸಾದು ಅಂದ ಇಂವ, ಮಂದಿ ಅಂಜಿದ್ರು. ಚೂರು ಹೊಸಾದು ಸಿಕ್ತು, ಬಾಯಾಗ ಹಾಕ್ಕೊಂಡ್ರು. ಎರಡನೇ ಸಲ ಬಂದಾಕಿ ನೀನ. ಮುಗೀತು.”

ಅಷ್ಟು ಹೊತ್ತಿಗೆ ಒಳಗಿನಿಂದ ಮಾಸುಮಬಿ ಒಂದು ಚೌಕ ರೊಟ್ಟಿಯನ್ನು ಹಿಡಿದು ಬಂದಳು. ನಾಲ್ಕು ಮೂಲೆಗಳನ್ನು ಕಟಕಟನೆ ಮುರಿದು ವಿಜಯಲಕ್ಷ್ಮೀಯ ಡಬ್ಬಿಗೆ ಹಾಕಿದಳು. ಉಳಿದದ್ದನ್ನು ದೂರ ಹಿಡಿದು ನೋಡಿದರೆ ಹೆಚ್ಚುಕಡಿಮೆ ಗುಂಡಗಿತ್ತು. ಈಗ ಇದಕ್ಕೆ ರೊಟ್ಟಿ ಅನ್ನಬಹುದು ಎಂದು ಅದನ್ನು ಉಳಿದ ರೊಟ್ಟಿಗಳ ಅಟ್ಟಿಯಲ್ಲಿ ಸೇರಿಸಿದಳು. ಮಧ್ಯಾಹ್ನದೊಳಗೆ ಅದು ಯಾರಿಗೂ ಗೊತ್ತಾಗದೆ ಮಾರಾಟವಾಯಿತು.

ಬ್ಯಾನರು ಇಳಿಯಿತು. ಅದರ ಜಾಗದಲ್ಲಿ ಸಿದ್ದಲಿಂಗೇಶ ಏನೂ ಬರೆಯಲಿಲ್ಲ. ಮೂಲೆಗಳನ್ನು ಸಣ್ಣ ಪಾಕೀಟು ಮಾಡಿ ಗಲ್ಲೆಯ ಪಕ್ಕ ಇಟ್ಟ. ರೊಟ್ಟಿಗೆ ಬಂದವರು ಇದೇನು ಎಂದು ಕೇಳಿ ಒಂದು ಒಯ್ದರು, ವಾರದೊಳಗೆ ಬಂದು ಕೇಳದೆಯೇ ಎರಡು ಒಯ್ದರು. ತಿಕೋಟಾದ ಶೆಡ್ಡುಗಳಿಗೆ ಪ್ರತಿ ಸೋಮವಾರ ಒಂದು ಡಬ್ಬಿ ಹೋಗತೊಡಗಿತು. ವಿಜಯಲಕ್ಷ್ಮೀ ಅಲ್ಲಿಯ ಮಾರಾಟವನ್ನು ತನ್ನ ಕೈಗೆ ತೆಗೆದುಕೊಂಡು, ತಮ್ಮನಿಗೆ ದಿನವೂ ಫೋನಿನಲ್ಲಿ, ಮೂಲೆ ಇನ್ನೂ ಸ್ವಲ್ಪ ಕೆಂಪಗೆ ಸುಡಿಸು ಎಂದು ಹೇಳುತ್ತಿದ್ದಳು.

ಸಿದ್ದಲಿಂಗೇಶ ಗಲ್ಲೆಯ ಹಿಂದಿನ ಕುರ್ಚಿಯಲ್ಲಿ ಕೂರಲು ಕಲಿತ. ಮೊದಮೊದಲು ಗಿರಾಕಿ ಬಂದರೆ ಎದ್ದು ನಿಲ್ಲುತ್ತಿದ್ದ, ಅಭ್ಯಾಸ. ಒಂದು ದಿನ ಬಬಲೇಶ್ವರದ ಕಡೆಯ ಹಿರಿಯರೊಬ್ಬರು ಬಂದು, ಇಪ್ಪತ್ತು ರೊಟ್ಟಿ, ನಾಲ್ಕು ಪಾಕೀಟು ಮೂಲೆ ಕಟ್ಟಿಸಿಕೊಂಡರು. ಒಂದು ಮೂಲೆ ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಅಗಿದು, ಇದನ್ನು ಯಾರು ಹುಡುಕಿದ್ದು ಎಂದು ಕೇಳಿದರು.

“ನಾನ ರೀ,” ಎಂದ ಸಿದ್ದಲಿಂಗೇಶ.

ಹಿರಿಯರು ಅವನನ್ನು ಒಂದು ಸಲ ನೋಡಿದರು. ಆಮೇಲೆ ಅವನ ಭುಜದ ಮೇಲಿಂದ ಒಳಗಿನ ಪರದೆಯ ಕಡೆಗೆ ಕತ್ತು ಚಾಚಿ, ಕಾಶಿಬಾಯಿಯವರು ಇದ್ದಾರೇನು, ಒಂದು ಮಾತು ಹೇಳಿ ಹೋಗಬೇಕಿತ್ತು ಎಂದರು.

ಪರದೆಯ ಹಿಂದೆ ಯಾರೋ ಏನನ್ನೋ ಕಟಕಟನೆ ಅಗಿಯುತ್ತಿದ್ದ ಸದ್ದು ನಿಂತಿತು.

“ಅಕಿ ಊರಾಗಿಲ್ಲ ಅನ್ನಪಾ,” ಎಂದಿತು ಕಾಶಿಬಾಯಿಯ ಧ್ವನಿ. “ಏನಿದ್ರೂ ನಿನ್ನ ಮುಂದನ ಹೇಳ್ತಾರ.”